ಹಳೆಯ ಚರ್ಮವಾದ್ಯಗಳ ಶ್ರುತಿಗೆ ಬಳೆ ಮತ್ತು ಬಿಗಿಸಾಧನಗಳ ಆಯ್ಕೆ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳನ್ನು ಅನುಲಕ್ಷಿಸಿ

ಪೀಠಿಕೆ

ಕನ್ನಡ ನಾಡಿನ ಚರ್ಮವಾದ್ಯಗಳನ್ನು ಕುರಿತ ಬರವಣಿಗೆಯ ಬಹುಪಾಲು ಅವುಗಳ ಹುಟ್ಟಿನ ಕಥೆ, ಆಚರಣೆಯ ಸಂದರ್ಭ, ನುಡಿಸುವ ಸಮುದಾಯ ಮತ್ತು ಕುಣಿತದ ಗತ್ತುಗಳನ್ನು ವಿವರಿಸುತ್ತದೆ. ವಾದ್ಯವು ಒಂದು ವಸ್ತುವಾಗಿ ಹೇಗೆ ಕಟ್ಟಲ್ಪಟ್ಟಿದೆ, ಅದರ ನಾದ ಯಾವ ಭಾಗವನ್ನು ಅವಲಂಬಿಸಿದೆ, ಹಳತಾದ ವಾದ್ಯದ ಶ್ರುತಿ ಸಡಿಲವಾದಾಗ ಏನು ಮಾಡಬಹುದು, ಏನು ಮಾಡಬಾರದು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ತಿಳಿವಳಿಕೆ ವಾದ್ಯ ಕಟ್ಟುವವರ ಕೈಯಲ್ಲಿ, ನುಡಿಸುವವರ ಕಿವಿಯಲ್ಲಿ ಉಳಿದು ಬಂದಿದೆ. ಬರಹಕ್ಕೆ ಇಳಿದದ್ದು ಕಡಿಮೆ.

ಇಂದು ಈ ಪ್ರಶ್ನೆಗೆ ಹೊಸದೊಂದು ತುರ್ತು ಒದಗಿದೆ. ಹಳೆಯ ಡೊಳ್ಳೋ ನಗಾರಿಯೋ ಶ್ರುತಿ ಹಿಡಿಯದಾದಾಗ ಸಾಮಾನ್ಯವಾಗಿ ಎರಡು ದಾರಿಗಳು ಎದುರಾಗುತ್ತವೆ. ಹಳೆಯದನ್ನು ಅಟ್ಟಕ್ಕೇರಿಸಿ ಪ್ಲಾಸ್ಟಿಕ್ ಹಾಳೆ ಬಿಗಿದ ಹೊಸ ವಾದ್ಯವನ್ನು ಕೊಂಡು ತರುವುದು ಒಂದು. ಹಳೆಯ ಮರದ ಒಡಲಿಗೇ ತೂತು ಕೊರೆದು ನಟ್ಟು ಬೋಲ್ಟು ಹಾಕಿಸುವುದು ಮತ್ತೊಂದು. ಮೊದಲನೆಯದರಲ್ಲಿ ವಾದ್ಯ ಬಳಕೆಯಿಂದ ಹೊರಗುಳಿಯುತ್ತದೆ. ಎರಡನೆಯದರಲ್ಲಿ ಮತ್ತೆ ಸರಿಪಡಿಸಲಾಗದಂತೆ ಗಾಯಗೊಳ್ಳುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಒಡಲನ್ನು ಮುಟ್ಟದೆ ಬಳೆಗಳನ್ನೂ ಅವುಗಳನ್ನು ಎಳೆದು ಹಿಡಿಯುವ ಸಾಧನಗಳನ್ನೂ ವಿವೇಚನೆಯಿಂದ ಆರಿಸಿಕೊಂಡರೆ ಅನೇಕ ಹಳೆಯ ವಾದ್ಯಗಳು ಮತ್ತೆ ಮಾತನಾಡಬಲ್ಲವು. ಆ ಆಯ್ಕೆಯ ತತ್ತ್ವವನ್ನೂ ಕ್ರಮವನ್ನೂ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಬಳಕೆಯಲ್ಲಿರುವ ವಾದ್ಯಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶ ಮತ್ತು ವಾದ್ಯಗಳು

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಮಂಡ್ಯ ಜಿಲ್ಲೆಯ ಪಶ್ಚಿಮ ಮತ್ತು ಉತ್ತರ ಭಾಗಗಳಲ್ಲಿ ಈ ನಾಲ್ಕು ತಾಲ್ಲೂಕುಗಳಿವೆ. ಶ್ರೀರಂಗಪಟ್ಟಣವು 1610ರಲ್ಲಿ ರಾಜ ಒಡೆಯರು ನವರಾತ್ರಿಯ ಉತ್ಸವವನ್ನು ಆರಂಭಿಸಿದ ನೆಲೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಫಾಲ್ಗುಣ ಮಾಸದ ವೈರಮುಡಿ ಉತ್ಸವ ನಡೆಯುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಗಳ ಹೊಯ್ಸಳ ದೇವಾಲಯಗಳಿವೆ. ನಾಗಮಂಗಲ ತಾಲ್ಲೂಕಿನಲ್ಲಿ ಭೈರವಾರಾಧನೆಯ ಕೇಂದ್ರವಾದ ಆದಿಚುಂಚನಗಿರಿಯಿದೆ. ಕರ್ನಾಟಕ ಜಾನಪದ ಪರಿಷತ್ತನ್ನು 1979ರಲ್ಲಿ ಸ್ಥಾಪಿಸಿ, ರಾಮನಗರದ ಸಮೀಪ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಇದೇ ತಾಲ್ಲೂಕಿನ ಹೆರಗನಹಳ್ಳಿಯವರು. ಮೂಡಲಪಾಯ ಯಕ್ಷಗಾನವನ್ನು ವಿದ್ವತ್ ಲೋಕದ ಗಮನಕ್ಕೆ ತಂದ ಜೀ.ಶಂ. ಪರಮಶಿವಯ್ಯನವರೂ ಈ ತಾಲ್ಲೂಕಿನಲ್ಲೇ ಜನಿಸಿದವರು ಎಂಬುದು ಇಲ್ಲಿ ಸ್ಮರಣೀಯ.

ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಚರ್ಮ ಹೊದಿಸಿದ ವಾದ್ಯಗಳೆಲ್ಲ ಅವನದ್ಧ ವರ್ಗಕ್ಕೆ ಸೇರುತ್ತವೆ. ಈ ಪ್ರದೇಶದ ಅವನದ್ಧ ವಾದ್ಯಗಳನ್ನು ಅವುಗಳ ಕಟ್ಟಡದ ದೃಷ್ಟಿಯಿಂದ ಮೂರು ಗುಂಪು ಮಾಡಬಹುದು.

ಒಂದು, ತಮಟೆಯಂಥ ಒಂಟಿಮುಖದ ಚಪ್ಪಟೆ ವಾದ್ಯ. ಪೂಜಾ ಕುಣಿತ, ಪಟದ ಕುಣಿತಗಳಿಗೂ ಊರಹಬ್ಬ, ಮೆರವಣಿಗೆ, ಸಾವಿನ ಸಂದರ್ಭಗಳಿಗೂ ಇದೇ ಮುಖ್ಯ ವಾದ್ಯ. ಎರಡು, ಡೊಳ್ಳು, ಮದ್ದಳೆ, ವಾಲಗದ ಡೋಲುಗಳಂಥ ಎರಡು ಮುಖದ ಉರುಳೆ ಅಥವಾ ಪೀಪಾಯಿಯಾಕಾರದ ವಾದ್ಯಗಳು. ಸೋಮನ ಕುಣಿತದ ದೋಣು ಕೂಡ ಈ ಬಗೆಗೆ ಸಮೀಪವಾದದ್ದು. ಮೂರು, ಬೋಗುಣಿಯಾಕಾರದ ಲೋಹದ ಒಡಲುಳ್ಳ ನಗಾರಿ. ದೇವಾಲಯಗಳಲ್ಲಿಯೂ ಕುಣಿತದ ಮೇಳಗಳಲ್ಲಿಯೂ ಇದು ಕಾಣಸಿಗುತ್ತದೆ. ಈ ಮೂರು ಗುಂಪುಗಳಿಗೆ ಒಂದೇ ಬಗೆಯ ಬಿಗಿಸಾಧನ ಒಗ್ಗುವುದಿಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು.

ಇಲ್ಲಿನ ಹವೆಯೂ ವಿಚಾರಾರ್ಹ. ಕನ್ನಂಬಾಡಿ ಕಟ್ಟೆಯ ಕಾಲುವೆಗಳಿಂದ ನೀರುಣ್ಣುವ ಶ್ರೀರಂಗಪಟ್ಟಣ, ಪಾಂಡವಪುರಗಳ ಗದ್ದೆಬಯಲಿನ ತೇವಕ್ಕೂ ನಾಗಮಂಗಲದ ಹೊಲಸೀಮೆಯ ಒಣಹವೆಗೂ ವ್ಯತ್ಯಾಸವಿದೆ. ಯುಗಾದಿಯ ಅನಂತರದ ಊರಹಬ್ಬಗಳು ಬಿರುಬೇಸಗೆಯಲ್ಲಿ ಬಂದರೆ, ಗೌರಿ ಗಣೇಶ ಮತ್ತು ದಸರೆಗಳು ಮಳೆಗಾಲದಲ್ಲಿ ಬರುತ್ತವೆ. ಒಂದೇ ವಾದ್ಯ ಈ ಎರಡೂ ಹವೆಗಳನ್ನು ತಾಳಬೇಕು. ಚರ್ಮವು ತೇವವನ್ನು ಹೀರಿ ಸಡಿಲಗೊಳ್ಳುತ್ತದೆ, ಒಣಗಿ ಬಿಗಿಯುತ್ತದೆ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವ ಪದ್ಧತಿ ಇದಕ್ಕೆ ಕಂಡುಕೊಂಡ ಪರಿಹಾರ. ಆದರೆ ಆರಿದ ಚರ್ಮ ಮತ್ತೆ ತೇವವನ್ನು ಹೀರುತ್ತದೆ; ಮೆರವಣಿಗೆಯ ನಡುವೆ ಮತ್ತೆ ಬೆಂಕಿ ಹುಡುಕಬೇಕಾಗುತ್ತದೆ.

ಶ್ರುತಿ ಎಂದರೇನು?

ಡೊಳ್ಳು, ತಮಟೆಗಳಿಗೆ ಶ್ರುತಿಯ ಮಾತೇಕೆ ಎಂಬ ಪ್ರಶ್ನೆ ಸಹಜ. ಮೃದಂಗದಂತೆ ಇವನ್ನು ಆಧಾರ ಷಡ್ಜಕ್ಕೆ ಕೂಡಿಸುವ ರೂಢಿಯಿಲ್ಲ. ಆದರೂ ಮೂರು ಅರ್ಥಗಳಲ್ಲಿ ಇವಕ್ಕೆ ಶ್ರುತಿಯುಂಟು. ಚರ್ಮದ ಎಳೆತ ಸುತ್ತಲೂ ಸಮನಾಗಿರುವುದು. ಎರಡು ಮುಖಗಳ ನಡುವೆ ಏರುದನಿ ಇಳಿದನಿಗಳ ನಿಶ್ಚಿತ ಅಂತರವಿರುವುದು. ಮೇಳದ ಎಲ್ಲ ವಾದ್ಯಗಳೂ ಒಂದೇ ದನಿಯಲ್ಲಿ ಕೂಡುವುದು. ಇವು ಮೂರೂ ಕೂಡಿದಾಗ ಮಾತ್ರ ಹತ್ತಾರು ಡೊಳ್ಳುಗಳ ಏಟು ಒಂದೇ ಏಟಾಗಿ ಕೇಳಿಸುತ್ತದೆ.

ಚರ್ಮದ ದನಿಯ ಎತ್ತರವು ಮೂರು ಸಂಗತಿಗಳನ್ನು ಅವಲಂಬಿಸಿದೆ: ಮುಖದ ಅಗಲ, ಚರ್ಮದ ತೂಕ ಮತ್ತು ಎಳೆತ. ಅಗಲ ಹೆಚ್ಚಿದಂತೆ ದನಿ ಇಳಿಯುತ್ತದೆ, ಚರ್ಮ ದಪ್ಪವಾದಂತೆಯೂ ಇಳಿಯುತ್ತದೆ, ಎಳೆತ ಹೆಚ್ಚಿದಂತೆ ಏರುತ್ತದೆ. ಆದರೆ ದನಿಯ ಏರಿಕೆ ಎಳೆತದ ವರ್ಗಮೂಲಕ್ಕೆ ಅನುಗುಣವಾದುದು. ಆದ್ದರಿಂದ ಒಂದು ಸ್ವರಸ್ಥಾನದಷ್ಟು ಮೇಲೇರಿಸಲು ಎಳೆತವನ್ನು ಸುಮಾರು ಶೇ. 12ರಷ್ಟು ಹೆಚ್ಚಿಸಬೇಕು; ಮೇಲಿನ ಷಡ್ಜಕ್ಕೆ ಒಯ್ಯಲು ನಾಲ್ಕು ಪಟ್ಟು ಮಾಡಬೇಕು. ಹಳೆಯ ಬಳೆಗಳೂ ಹುರಿಗಳೂ ಸೋಲುವುದು ಇಲ್ಲಿಯೇ.

ಈ ವಿಷಯದಲ್ಲಿ ಸಿ.ವಿ. ರಾಮನ್ ಅವರ ಅಧ್ಯಯನ ಮಾರ್ಗದರ್ಶಕವಾದುದು. ಅವರು ಶಿವಕಾಳಿ ಕುಮಾರ್ ಅವರೊಡಗೂಡಿ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಭಾರತೀಯ ಚರ್ಮವಾದ್ಯಗಳ ಸಂವಾದಿ ನಾದವನ್ನು ಕುರಿತು ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಸಂಪುಟದಲ್ಲಿ ಅದನ್ನು ವಿಸ್ತರಿಸಿದರು. ಬರಿಯ ಚರ್ಮದ ಉಪನಾದಗಳು ಮೂಲನಾದದ 1.59, 2.14, 2.30 ಪಟ್ಟು ಎಂಬ ಕ್ರಮದಲ್ಲಿ ಚದುರಿರುತ್ತವೆ. ಮೃದಂಗದ ಬಲಮುಖಕ್ಕೆ ಹಾಕುವ ಕರಣೆಯು ಇವನ್ನು ಎರಡು, ಮೂರು, ನಾಲ್ಕು, ಐದು ಪಟ್ಟು ಎಂಬ ಪೂರ್ಣಾಂಕಗಳ ಕಡೆಗೆ ತಂದು ಕೂಡಿಸುತ್ತದೆ. ಡೊಳ್ಳು, ತಮಟೆಗಳಿಗೆ ಈ ಕರಣೆಯ ಆಸರೆಯಿಲ್ಲ. ಆದ್ದರಿಂದ ಅವುಗಳ ನಾದಶುದ್ಧಿಯ ಭಾರವೆಲ್ಲ ಎಳೆತದ ಸಮತೆಯ ಮೇಲೆ ಬೀಳುತ್ತದೆ. ಚರ್ಮದ ಕಂಪನಗಳಲ್ಲಿ ಹಲವು ಜೋಡಿಜೋಡಿಯಾಗಿರುತ್ತವೆ. ಎಳೆತ ಸುತ್ತಲೂ ಒಂದೇ ಆಗಿದ್ದರೆ ಜೋಡಿಯ ಎರಡೂ ಒಂದೇ ದನಿಯವು. ಒಂದು ಕಡೆ ಸಡಿಲವಾದರೆ ಜೋಡಿ ಒಡೆದು ಎರಡು ಹತ್ತಿರದ ದನಿಗಳಾಗಿ, ಅವುಗಳ ಘರ್ಷಣೆಯಿಂದ ನಾದ ಅಲುಗುತ್ತದೆ. 'ಒಡಕು ದನಿ' ಎಂದು ನುಡಿಸುವವರು ಹೇಳುವುದರ ಒಂದು ಕಾರಣ ಇದೇ. ಎಳೆತವನ್ನು ಸಮನಾಗಿ ಹಂಚುವ ಹೊಣೆ ಬಳೆಯದು.

ಬಳೆಗಳ ಆಯ್ಕೆ

ವಿವರಣೆಯ ಅನುಕೂಲಕ್ಕಾಗಿ ಎರಡು ಬಳೆಗಳನ್ನು ಬೇರ್ಪಡಿಸಿಕೊಳ್ಳೋಣ. ಚರ್ಮದ ಅಂಚನ್ನು ಸುತ್ತಿ ಹಿಡಿದಿರುವುದು ಚರ್ಮಬಳೆ. ಅದರ ಮೇಲೆ ಕುಳಿತು ಅದನ್ನು ಕೆಳಕ್ಕೆ ಒತ್ತುವುದು ಒತ್ತುಬಳೆ. ಹುರಿ ಕಟ್ಟುವ ಹಳೆಯ ವಾದ್ಯಗಳಲ್ಲಿ ಒಂದೇ ಬಳೆ ಎರಡೂ ಕೆಲಸ ಮಾಡುತ್ತದೆ. ಬೋಲ್ಟು ಬಳಸುವಲ್ಲಿ ಎರಡು ಬಳೆಗಳು ಬೇಕಾಗುತ್ತವೆ.

ಬಳೆಯ ಮೇಲೆ ಬೀಳುವ ಭಾರ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 45 ಸೆಂ.ಮೀ. ಅಗಲದ ಮುಖದ ಸುತ್ತಳತೆ ಸುಮಾರು 141 ಸೆಂ.ಮೀ. ಅಂಚಿನ ಪ್ರತಿ ಸೆಂ.ಮೀ.ಗೆ 2 ಕಿ.ಗ್ರಾಂ. ಎಳೆತವಿದೆ ಎಂದಿಟ್ಟುಕೊಂಡರೂ ಒಟ್ಟು ಭಾರ 280 ಕಿ.ಗ್ರಾಂ. ಮೀರುತ್ತದೆ. ಎಂಟು ಕಡೆ ಎಳೆದು ಹಿಡಿದರೆ ಒಂದೊಂದು ಕಡೆಗೆ 35 ಕಿ.ಗ್ರಾಂ. ಬೀಳುತ್ತದೆ. ಎರಡು ಎಳೆತಗಳ ನಡುವೆ ಬಳೆಯು ಸ್ವಲ್ಪವಾದರೂ ಬಾಗುತ್ತದೆ. ಬಾಗಿದ ಕಡೆ ಚರ್ಮ ಸಡಿಲವಾಗುತ್ತದೆ. ಈ ಬಾಗನ್ನು ಕಡಿಮೆ ಮಾಡುವ ದಾರಿಗಳು ಮೂರು.

ಮೊದಲನೆಯದು ಎಳೆತದ ಬಿಂದುಗಳನ್ನು ಹೆಚ್ಚಿಸುವುದು. ಎಂಟರ ಬದಲು ಹನ್ನೆರಡು ಮಾಡಿದರೆ ನಡುವಿನ ಅಂತರ 17.7 ಸೆಂ.ಮೀ.ನಿಂದ 11.8 ಸೆಂ.ಮೀ.ಗೆ ಇಳಿಯುತ್ತದೆ. ಬಾಗು ಅಂತರದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ ಅದು ಸುಮಾರು ಐದನೆಯ ಒಂದು ಪಾಲಿಗೆ ಇಳಿಯುತ್ತದೆ.

ಎರಡನೆಯದು ಬಳೆಯ ಎತ್ತರವನ್ನು ಹೆಚ್ಚಿಸುವುದು. ಪಟ್ಟಿಯ ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗುಪು ಎರಡು ಪಟ್ಟಾಗುತ್ತದೆ, ತೂಕವೂ ಎರಡು ಪಟ್ಟಾಗುತ್ತದೆ. ಆದರೆ ಎತ್ತರವನ್ನು 20 ಮಿ.ಮೀ.ನಿಂದ 25 ಮಿ.ಮೀ.ಗೆ ಏರಿಸಿದರೆ ಸಾಕು, ಬಿಗುಪು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತೂಕ ಏರುವುದು ಕಾಲು ಭಾಗ ಮಾತ್ರ. ದಪ್ಪ ಬಳೆಯೇ ಗಟ್ಟಿ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ತಪ್ಪು ದಾರಿಗೆ ಒಯ್ಯುತ್ತದೆ. ತೆಳುವಾದ, ಎತ್ತರವಾದ ಪಟ್ಟಿಯನ್ನು ಅಂಚು ಮೇಲಾಗಿ ನಿಲ್ಲಿಸಿ ಬಾಗಿಸಿದ ಬಳೆಯೇ ಉತ್ತಮ.

ಮೂರನೆಯದು ವಸ್ತುವಿನ ಆಯ್ಕೆ. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು, ಗಟ್ಟಿ ಮರಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ಬಿಗುಪುಳ್ಳದ್ದು. ಆದರೆ ವಾದ್ಯವನ್ನು ಹೊತ್ತು ಕುಣಿಯುವವರ ಹೆಗಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 46 ಸೆಂ.ಮೀ. ಅಗಲದ, 25 ಮಿ.ಮೀ. ಎತ್ತರ ಮತ್ತು 3 ಮಿ.ಮೀ. ದಪ್ಪದ ಉಕ್ಕಿನ ಬಳೆ ಸುಮಾರು 850 ಗ್ರಾಂ. ತೂಗುತ್ತದೆ. ಅಷ್ಟೇ ದಪ್ಪದ ಅಲ್ಯೂಮಿನಿಯಂ ಬಳೆಯನ್ನು 35 ಮಿ.ಮೀ. ಎತ್ತರಕ್ಕೆ ಮಾಡಿಸಿದರೆ ಬಿಗುಪು ಉಕ್ಕಿನದಕ್ಕೆ ಬಹುಮಟ್ಟಿಗೆ ಸಮನಾಗುತ್ತದೆ, ತೂಕ 410 ಗ್ರಾಂ.ಗೆ ನಿಲ್ಲುತ್ತದೆ. ಎರಡು ಮುಖಗಳಿಗೆ ಸೇರಿ ಮುಕ್ಕಾಲು ಕಿಲೋಗ್ರಾಂಗೂ ಮೀರಿದ ಉಳಿತಾಯ. ಗಂಟೆಗಟ್ಟಲೆ ಕುಣಿಯುವ ಕಲಾವಿದರಿಗೆ, ವಿಶೇಷವಾಗಿ ಕಿರಿಯರಿಗೆ, ಇದು ಸಣ್ಣ ಸಂಗತಿಯಲ್ಲ.

ಬಿದಿರು, ಬೆತ್ತಗಳ ಹಳೆಯ ಬಳೆಗಳನ್ನು ಕೀಳೆಂದು ತಳ್ಳಿಹಾಕುವುದು ಸರಿಯಲ್ಲ. ಹುರಿ ಕಟ್ಟುವ ವಾದ್ಯದಲ್ಲಿ ಎಳೆತದ ಬಿಂದುಗಳು ಹತ್ತಿರ ಹತ್ತಿರ ಇರುತ್ತವೆ. ಅಲ್ಲಿ ಬಾಗುವ ಬಳೆಯೂ ಕೆಲಸಕ್ಕೆ ಬರುತ್ತದೆ. ಅದೇ ಬಿದಿರಿನ ಬಳೆಗೆ ಆರು ಬೋಲ್ಟು ಹಾಕಿದರೆ ಅದು ಸೋಲುತ್ತದೆ. ದೋಷ ಬಳೆಯದಲ್ಲ, ಹೊಂದಾಣಿಕೆಯದು. ಬಿಂದುಗಳು ಕಡಿಮೆಯಾದಷ್ಟೂ ಬಳೆ ಗಟ್ಟಿಯಾಗಬೇಕು ಎಂಬುದನ್ನು ಸೂತ್ರವಾಗಿ ಇಟ್ಟುಕೊಳ್ಳಬಹುದು.

ಬಳೆಯ ಅಳತೆಯಲ್ಲಿ ಒಂದು ಎಚ್ಚರ ಅಗತ್ಯ. ಹಳೆಯ ಮರದ ಒಡಲು ಪೂರ್ಣ ವೃತ್ತವಾಗಿ ಉಳಿದಿರುವುದಿಲ್ಲ. ಆದ್ದರಿಂದ ಒಂದೇ ಕಡೆ ಅಳೆಯದೆ ನಾಲ್ಕು ಕಡೆ ವ್ಯಾಸವನ್ನು ಅಳೆದು, ದೊಡ್ಡದನ್ನು ಹಿಡಿಯಬೇಕು. ಚರ್ಮದ ದಪ್ಪವನ್ನು ಸೇರಿಸಿದ ಮೇಲೂ ಸುತ್ತ ಎರಡು ಮೂರು ಮಿ.ಮೀ. ತೆರಪಿರಬೇಕು. ತೆರಪಿಲ್ಲದ ಬಳೆ ಮಳೆಗಾಲದಲ್ಲಿ ಉಬ್ಬಿದ ಒಡಲನ್ನು ಹಿಸುಕುತ್ತದೆ, ಕೆಳಕ್ಕೆ ಜಾರುವುದಿಲ್ಲ. ಹೆಚ್ಚು ತೆರಪಿದ್ದರೆ ಚರ್ಮ ಒಂದು ಬದಿಗೆ ಸರಿಯುತ್ತದೆ.

ಬಿಗಿಸಾಧನಗಳು: ಮಿಣಿ, ಹುರಿ, ಬೋಲ್ಟು

ಚರ್ಮದ ಮಿಣಿ ಅಥವಾ ಬಾರು ಹಳೆಯ ಸಾಧನ. ಅದರ ಗುಣವೆಂದರೆ ಮುಚ್ಚಿಗೆಯಂತೆಯೇ ಅದೂ ಹವೆಗೆ ಸ್ಪಂದಿಸುತ್ತದೆ, ದೋಷವೂ ಅದೇ. ಮಳೆಯಲ್ಲಿ ಎರಡೂ ಒಟ್ಟಿಗೆ ಸಡಿಲವಾಗುತ್ತವೆ. ಹತ್ತಿಯ ಅಥವಾ ಸಣಬಿನ ಹೊಸೆದ ಹುರಿ ನೆನೆದಾಗ ಉಬ್ಬಿ ಗಿಡ್ಡವಾಗುತ್ತದೆ. ಆದ್ದರಿಂದ ಚರ್ಮ ಸಡಿಲವಾಗುವಾಗ ಹುರಿ ಬಿಗಿದು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ. ನೈಲಾನ್ ಹಗ್ಗ ಗಟ್ಟಿಯಾಗಿ ಕಂಡರೂ ಎಳೆತಕ್ಕೆ ಹಿಗ್ಗುವ ಸ್ವಭಾವದ್ದು, ನೆನೆದಾಗ ಇನ್ನಷ್ಟು ಹಿಗ್ಗುತ್ತದೆ. ಹಗ್ಗವನ್ನೇ ಬಳಸುವುದಾದರೆ ಪಾಲಿಯೆಸ್ಟರ್ ಹಗ್ಗ ಮೇಲು.

ಹುರಿಯ ಕಟ್ಟಿನಲ್ಲಿ ಘರ್ಷಣೆಯ ತೊಡಕೊಂದಿದೆ. ಒಂದು ತುದಿಯಲ್ಲಿ ಎಳೆದದ್ದು ಬಳೆಯನ್ನು ಹತ್ತಾರು ಬಾರಿ ಸುತ್ತಿ ಹಾಯುವಷ್ಟರಲ್ಲಿ ಕ್ಷೀಣಿಸುತ್ತದೆ. ಆದ್ದರಿಂದ ಒಂದೇ ಸಲ ಬಲವಾಗಿ ಎಳೆಯದೆ ಮೂರು ನಾಲ್ಕು ಸುತ್ತು ಹಂತಹಂತವಾಗಿ ಬಿಗಿಯಬೇಕು. ಜೋಡಿ ಹುರಿಗಳ ಮೇಲೆ ಜಾರುವ ಉಂಗುರಗಳನ್ನೋ ಮರದ ಗೂಟಗಳನ್ನೋ ಇಟ್ಟರೆ ಕಟ್ಟಿದ ಮೇಲೂ ಆಯಾ ಕಡೆಯ ಎಳೆತವನ್ನು ತಿದ್ದಬಹುದು. ಅನೇಕ ಹಳೆಯ ವಾದ್ಯಗಳಿಗೆ ಹೊಸ ಹುರಿ ಮತ್ತು ಉಂಗುರಗಳೇ ಸಾಕು; ಬೋಲ್ಟಿನ ಅಗತ್ಯವೇ ಬೀಳುವುದಿಲ್ಲ.

ಬೋಲ್ಟಿನ ಅನುಕೂಲವೆಂದರೆ ಪ್ರತಿಯೊಂದು ಬಿಂದುವನ್ನೂ ಬೇರೆಬೇರೆಯಾಗಿ, ಅಳತೆಗೆ ಸಿಗುವಂತೆ ತಿದ್ದಬಹುದು. 6 ಮಿ.ಮೀ. ಬೋಲ್ಟನ್ನು ಒಂದು ಪೂರ್ಣ ಸುತ್ತು ತಿರುಗಿಸಿದರೆ ಬಳೆ 1 ಮಿ.ಮೀ. ಇಳಿಯುತ್ತದೆ, 5 ಮಿ.ಮೀ. ಬೋಲ್ಟಿನಲ್ಲಿ 0.8 ಮಿ.ಮೀ. ಸಣ್ಣ ಬೋಲ್ಟಿನಿಂದ ತಿದ್ದುಪಡಿ ನಯವಾಗುತ್ತದೆ. ಮೇಲೆ ಲೆಕ್ಕ ಹಾಕಿದ 35 ಕಿ.ಗ್ರಾಂ. ಭಾರಕ್ಕೆ 5 ಮಿ.ಮೀ. ಉಕ್ಕಿನ ಸರಳು ಧಾರಾಳವಾಗಿ ಸಾಲುತ್ತದೆ. 40 ಸೆಂ.ಮೀ. ಉದ್ದದ ಎಂಟು ಸರಳುಗಳನ್ನು 6 ಮಿ.ಮೀ. ಬದಲು 5 ಮಿ.ಮೀ. ಗಾತ್ರದಲ್ಲಿ ಹಾಕಿದರೆ 200 ಗ್ರಾಂ.ಗಳಿಗೂ ಹೆಚ್ಚು ತೂಕ ಉಳಿಯುತ್ತದೆ.

ತುಕ್ಕು ಹಿಡಿಯದ ಉಕ್ಕಿನ ಸರಳಿಗೆ ಅದೇ ಉಕ್ಕಿನ ನಟ್ಟು ಹಾಕಿದರೆ ಎರಡೂ ಉಜ್ಜಿ ಕಚ್ಚಿಕೊಳ್ಳುವುದುಂಟು. ಹಿತ್ತಾಳೆಯ ನಟ್ಟು ಹಾಕಿದರೆ ಈ ತೊಂದರೆಯಿಲ್ಲ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದಂಥ ಊರು ಸಮೀಪದಲ್ಲಿರುವಾಗ ಇಂಥ ಬಿಡಿಭಾಗಗಳನ್ನು ಸ್ಥಳೀಯವಾಗಿಯೇ ರೂಪಿಸಿಕೊಳ್ಳುವ ಪ್ರಯತ್ನ ಯೋಗ್ಯವಾದುದು. ಸಾದಾ ಕಬ್ಬಿಣವನ್ನು ಚರ್ಮಕ್ಕೆ ನೇರವಾಗಿ ತಾಗಿಸಬಾರದು. ತುಕ್ಕು ಚರ್ಮವನ್ನು ತಿನ್ನುತ್ತದೆ. ಬಳೆಗೆ ಬಣ್ಣ ಬಳಿದು, ನಡುವೆ ಹತ್ತಿಯ ಪಟ್ಟಿಯನ್ನು ಸುತ್ತುವುದು ಕ್ಷೇಮ.

ವಾದ್ಯಕ್ಕೆ ತಕ್ಕ ಜೋಡಣೆ

ವಾಲಗದ ಡೋಲು ಇಲ್ಲಿ ನಮಗೆ ಮಾದರಿ. ಹಲಸಿನ ಮರದ ಒಡಲಿಗೆ ಚರ್ಮದ ಬಾರು ಬಿಗಿಯುತ್ತಿದ್ದ ಈ ವಾದ್ಯ ಇಪ್ಪತ್ತನೆಯ ಶತಮಾನದಲ್ಲಿ ಲೋಹದ ಬಳೆ ಮತ್ತು ಬೋಲ್ಟುಗಳಿಗೆ ಹೊರಳಿತು. ಇದರ ಎರಡು ಬಳೆಗಳೂ ಒಡಲಿಗಿಂತ ಹೊರಚಾಚಿರುವುದರಿಂದ ಒಂದು ಬಳೆಯಿಂದ ಇನ್ನೊಂದಕ್ಕೆ ಎಳೆತವನ್ನು ಕೊಡಬಹುದು. ಮರಕ್ಕೆ ಒಂದು ತೂತೂ ಬೇಕಿಲ್ಲ. ಹಳೆಯ ಡೊಳ್ಳಿಗೂ ಇದೇ ತತ್ತ್ವ ಒಪ್ಪುತ್ತದೆ. ಎರಡು ಒತ್ತುಬಳೆಗಳನ್ನು ಎಂಟರಿಂದ ಹನ್ನೆರಡು ಉದ್ದ ಸರಳುಗಳಿಂದ ಪರಸ್ಪರ ಎಳೆದರೆ ಒಡಲು ಅಸ್ಪರ್ಶವಾಗಿ ಉಳಿಯುತ್ತದೆ. ಇದರ ಮಿತಿಯೆಂದರೆ ಎರಡೂ ಮುಖಗಳು ಒಟ್ಟಿಗೆ ಬಿಗಿಯುತ್ತವೆ. ಡೊಳ್ಳಿನಲ್ಲಿ ಮುಖಗಳ ದನಿಯ ಅಂತರವು ಚರ್ಮದ ಭೇದದಿಂದ ಬರಬೇಕು. ಒಂದು ಮುಖಕ್ಕೆ ಮೇಕೆಯ, ಇನ್ನೊಂದಕ್ಕೆ ಕುರಿಯ ಚರ್ಮ ಹೊದಿಸುವ ಹಿರಿಯರ ಕ್ರಮದ ಯುಕ್ತಿ ಇಲ್ಲಿ ಸ್ಪಷ್ಟವಾಗುತ್ತದೆ. ಒಂದೇ ಎಳೆತದಲ್ಲಿ ಎರಡು ದನಿ ಪಡೆಯುವ ಉಪಾಯವದು. ಎರಡೂ ಕಡೆ ಒಂದೇ ಬಗೆಯ ಹಾಳೆ ಹಾಕಿದ ವಾದ್ಯದಲ್ಲಿ ಈ ಅಂತರ ಅಳಿಸಿಹೋಗುತ್ತದೆ.

ನಗಾರಿಯ ಲೋಹದ ಬೋಗುಣಿಗೆ ಎದುರುಬಳೆಯಿಲ್ಲ. ಆದ್ದರಿಂದ ತಳದ ಕಡೆಗೆ ಒಂದು ಸಣ್ಣ ಬಳೆಯನ್ನು ಕೂರಿಸಿ, ಅದರಿಂದ ಬಾಯಿಯ ಒತ್ತುಬಳೆಗೆ ಕೊಕ್ಕೆಯ ಸರಳುಗಳನ್ನು ಹಾಯಿಸಬೇಕು. ಹುರಿಯ ಕಟ್ಟಿನಲ್ಲಿ ತಳಬಳೆಯ ಪಾತ್ರ ಮೊದಲಿನಿಂದಲೂ ಇದ್ದದ್ದೇ. ತಾಮ್ರದ ಹಳೆಯ ಬೋಗುಣಿಗೆ ಬೆಸುಗೆ ಹಾಕಿ ಕಿವಿಗಳನ್ನು ಕೂರಿಸುವುದು ಸಲ್ಲದು. ಕಾವಿನಿಂದ ತಾಮ್ರ ಮೆತ್ತಗಾಗಿ ಬಾಯಿ ಸೊಟ್ಟಗಾಗುತ್ತದೆ. ತಳದಲ್ಲಿ ಗಾಳಿಯ ಕಿಂಡಿಯಿದ್ದರೆ ಅದನ್ನು ಮುಚ್ಚಬಾರದು. ಬೋಗುಣಿಯೊಳಗಿನ ಮತ್ತು ಹೊರಗಿನ ಗಾಳಿಯ ಪ್ರಭಾವದಿಂದಲೇ ಈ ಬಗೆಯ ವಾದ್ಯಗಳ ಮುಖ್ಯ ಉಪನಾದಗಳು 1, 1.5, 2 ಎಂಬ ಹಿತವಾದ ಅನುಪಾತಕ್ಕೆ ಸಮೀಪಿಸುತ್ತವೆ. ನಗಾರಿಯ ಯೂರೋಪಿನ ಬಂಧುವಾದ ಟಿಂಪನಿಯಲ್ಲಿಯೂ ಇದೇ ಗುಣವಿದೆ.

ಮದ್ದಳೆಯ ವಿಷಯದಲ್ಲಿ ಹೆಚ್ಚು ಬದಲಾವಣೆ ಮಾಡದಿರುವುದೇ ಲೇಸು. ಮೂಡಲಪಾಯದ ಭಾಗವತಿಕೆಗೆ ಶ್ರುತಿ ಕೂಡಿಸುವ ಈ ವಾದ್ಯದಲ್ಲಿ ಮುಚ್ಚಿಗೆಯ ಅಂಚಿಗೆ ತಟ್ಟಿ ಕಾಲು ಸ್ವರಸ್ಥಾನದಷ್ಟನ್ನೂ ತಿದ್ದಬಲ್ಲ ಕೈಗಳಿವೆ. ಬಾರನ್ನು ಹೊಸದು ಮಾಡಿ, ಸಡಿಲವಾದ ಕಡೆ ಬೆಣೆ ಕೊಟ್ಟರೆ ಸಾಕು.

ತಮಟೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಚರ್ಮವನ್ನು ಬಳೆಗೇ ಹೊದಿಸಿ ಬಿಗಿದಿರುವ ಹಳೆಯ ತಮಟೆಯಲ್ಲಿ ತಿದ್ದಲು ಬೆಂಕಿಯೊಂದೇ ಸಾಧನ. ಪ್ಲಾಸ್ಟಿಕ್ ಹಾಳೆ, ಲೋಹದ ಬಳೆ ಮತ್ತು ಬೋಲ್ಟುಗಳ ಹೊಸ ತಮಟೆ ಮಳೆಗೆ ಹೆದರುವುದಿಲ್ಲ, ಕಾಯಿಸುವ ಕೆಲಸವಿಲ್ಲ. ಆದ್ದರಿಂದ ಅದು ಹರಡಿದೆ. ವಾದ್ಯಗಳಿಗೆ ಪಾಲಿಯೆಸ್ಟರ್ ಹಾಳೆಯ ಬಳಕೆ ಅಮೆರಿಕದಲ್ಲಿ 1957ರ ಸುಮಾರಿಗೆ ವಾಣಿಜ್ಯರೂಪ ಪಡೆಯಿತು. ಕಾಲು ಮಿ.ಮೀ. ದಪ್ಪದ ಈ ಹಾಳೆಯ ಚದರ ಮೀಟರಿಗೆ ತೂಕ ಸುಮಾರು 350 ಗ್ರಾಂ.; ಒಂದು ಮಿ.ಮೀ. ದಪ್ಪದ ಚರ್ಮದ್ದು ಒಂದು ಕಿಲೋಗ್ರಾಂ ಆಸುಪಾಸು. ಅದೇ ಎಳೆತದಲ್ಲಿ ಹಾಳೆಯ ದನಿ ಒಂದೂವರೆ ಪಟ್ಟಿಗೂ ಮೀರಿ ಏರುತ್ತದೆ. ಹಳೆಯ ದನಿಗೆ ಇಳಿಸಲು ಸಡಿಲಿಸಿದರೆ ಏಟಿನ ಕಸುವು ಕುಗ್ಗುತ್ತದೆ. ಹೀಗಾಗಿ ಹಳೆಯ ಕಬ್ಬಿಣದ ಬಳೆಯ ತಮಟೆಗೆ ಚರ್ಮವನ್ನೇ ಉಳಿಸಿ, ಚರ್ಮವನ್ನು ಪ್ರತ್ಯೇಕ ಚರ್ಮಬಳೆಗೆ ಹೊದಿಸಿ, ಹೊರಗಿನಿಂದ ಒತ್ತುಬಳೆಯನ್ನು ಕೂರಿಸಿ, ಹಿಂಬದಿಯ ಅಂಚನ್ನು ಕಚ್ಚುವ ಕೊಕ್ಕೆಗಳಿಂದ ಎಳೆಯುವ ಜೋಡಣೆ ಹೆಚ್ಚು ಸೂಕ್ತ. ಬೇಸಗೆಯಲ್ಲಿ ಬೆಂಕಿ, ಮಳೆಗಾಲದಲ್ಲಿ ಬೋಲ್ಟು ಎಂಬಂತೆ ಎರಡೂ ಉಪಾಯಗಳು ಅದರಲ್ಲಿ ಉಳಿಯುತ್ತವೆ. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಎಂದೂ ಬೆಂಕಿಗೆ ಹಿಡಿಯಬಾರದು.

ಕೂಡಿಸುವ ಕ್ರಮ

ಬಳೆಯನ್ನು ಬದಲಿಸುವ ಮೊದಲು ಒಡಲಿನ ಬಾಯಂಚನ್ನು ಪರೀಕ್ಷಿಸಬೇಕು. ವಾದ್ಯವನ್ನು ಸಮತಟ್ಟಾದ ಕಲ್ಲಿನ ಮೇಲೆ ಬೋರಲಾಗಿಟ್ಟು ಒಳಗೆ ದೀಪವಿರಿಸಿದರೆ ಬೆಳಕು ಸೋರುವ ಕಡೆ ಅಂಚು ತಗ್ಗಿದೆಯೆಂದು ತಿಳಿಯುತ್ತದೆ. ಅಂಚು ಸಮನಿಲ್ಲದ ವಾದ್ಯಕ್ಕೆ ಎಂಥ ಬಳೆ ಹಾಕಿದರೂ ಶ್ರುತಿ ನಿಲ್ಲದು. ತಗ್ಗಿದ ಕಡೆ ಮರದ ಪುಡಿ ಮತ್ತು ಅಂಟಿನಿಂದ ತುಂಬಬಹುದು. ಎತ್ತರದ ಕಡೆಯನ್ನು ಕೆತ್ತುವುದು ಕೊನೆಯ ಉಪಾಯ.

ನೆನೆಸಿದ ಚರ್ಮವನ್ನು ಹೊದಿಸುವಾಗ ಬಳೆಯು ಬಾಯಂಚಿಗಿಂತ ಒಂದು ಸೆಂ.ಮೀ.ನಷ್ಟು ಕೆಳಗೆ ನಿಲ್ಲುವಂತೆ ಸಡಿಲ ಕೊಡಬೇಕು. ಒಣಗಿದ ಮೇಲೆ ಬಳೆ ಬಾಯಿಗೆ ಸಮನಾಗಿ ನಿಂತರೆ ಒತ್ತುಬಳೆಗೆ ಕೆಲಸವೇ ಇರುವುದಿಲ್ಲ. ಪೂರ್ತಿ ಒಣಗುವ ಮೊದಲು ಬಲವಾಗಿ ಬಿಗಿದರೆ ಚರ್ಮ ಹರಿಯುತ್ತದೆ.

ಬಿಗಿಯುವಾಗ ಒಂದರ ಪಕ್ಕದಲ್ಲಿ ಇನ್ನೊಂದನ್ನು ತಿರುಗಿಸಬಾರದು. ಎಂಟು ಬೋಲ್ಟುಗಳಿದ್ದರೆ 1, 5, 3, 7, 2, 6, 4, 8 ಎಂಬ ಎದುರುಬದುರಿನ ಕ್ರಮದಲ್ಲಿ ಒಂದೊಂದನ್ನು ಕಾಲು ಸುತ್ತು ತಿರುಗಿಸುತ್ತ ಹೋಗಬೇಕು. ಅನಂತರ ಪ್ರತಿ ಬೋಲ್ಟಿನ ಎದುರಿಗೆ, ಅಂಚಿನಿಂದ ಎರಡು ಬೆರಳು ಒಳಗೆ ಮೆಲ್ಲಗೆ ತಟ್ಟಿ ಕೇಳಬೇಕು. ತಗ್ಗಿದ ದನಿಯ ಕಡೆ ಬಿಗಿಯುವುದಕ್ಕಿಂತ ಮೊದಲು ಅದರ ಎದುರಿನ ಬೋಲ್ಟನ್ನು ನೋಡುವುದು ಒಳ್ಳೆಯದು; ಅಲ್ಲಿನ ಅತಿಬಿಗಿಯೇ ಅನೇಕ ವೇಳೆ ಕಾರಣವಾಗಿರುತ್ತದೆ. ನುಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಸಮನಾಗಿ ಅರ್ಧ ಸುತ್ತು ಸಡಿಲಿಸಿಡುವುದು ಬೇಸಗೆಯಲ್ಲಿ ಕಡ್ಡಾಯ. ಮಳೆಗಾಲದಲ್ಲಿ ಬಿಗಿದ ವಾದ್ಯವನ್ನು ಹಾಗೆಯೇ ಬಿಟ್ಟರೆ ಒಣಹವೆ ಬಂದಾಗ ಚರ್ಮ ತಾನೇ ಬಿಗಿದು ಸೀಳುತ್ತದೆ.

ಹಳೆಯದರ ಹೊಣೆ

ಎಲ್ಲ ಹಳೆಯ ವಾದ್ಯಗಳನ್ನೂ ಸರಿಪಡಿಸಬೇಕೆಂದೇನೂ ಇಲ್ಲ. ಇವನ್ನು ಮೂರು ತೆರನಾಗಿ ನೋಡಬಹುದು. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಜಾನಪದ ಲೋಕ ಮೊದಲಾದ ಸಂಗ್ರಹಗಳನ್ನು ಸೇರುವಂಥ ವಾದ್ಯಗಳು ದಾಖಲೆಗಳು. ಅವುಗಳ ಹುರಿಯ ಗಂಟೂ ಸಾಕ್ಷ್ಯವೇ. ಅವನ್ನು ಬಿಗಿಯಬಾರದು, ಸಡಿಲಿಸಿ ರಕ್ಷಿಸಬೇಕು. ದೇವರ ಸೇವೆಯಲ್ಲಿ, ಮನೆತನದ ಬಳಕೆಯಲ್ಲಿ ಇನ್ನೂ ನುಡಿಯುತ್ತಿರುವ ವಾದ್ಯಗಳು ಎರಡನೆಯ ಬಗೆ. ಇವುಗಳಲ್ಲಿ ಯಾವ ಬದಲಾವಣೆಯಾದರೂ ಮುಂದೆ ಬಿಚ್ಚಿ ಮೊದಲಿನಂತೆ ಮಾಡಲು ಬರುವಂತಿರಬೇಕು. ತೂತು ಕೊರೆಯುವುದು, ಬೆಸುಗೆ ಹಾಕುವುದು, ಅಂಚನ್ನು ಕತ್ತರಿಸುವುದು ಇಲ್ಲಿ ನಿಷಿದ್ಧ. ತೆಗೆದ ಹಳೆಯ ಬಳೆ, ಮಿಣಿಗಳನ್ನು ಎಸೆಯದೆ ವಾದ್ಯದೊಡನೆ ಕಟ್ಟಿಡಬೇಕು. ಕಲಿಕೆಯ, ಪ್ರದರ್ಶನದ ಹೊಸ ವಾದ್ಯಗಳು ಮೂರನೆಯ ಬಗೆ. ಪ್ರಯೋಗಗಳಿಗೆ ಅವು ತಕ್ಕವು.

ಇಲ್ಲಿ ಸಾಮಾಜಿಕ ಸಂಗತಿಯೊಂದನ್ನು ಮರೆಯುವಂತಿಲ್ಲ. ಚರ್ಮವನ್ನು ಹದಮಾಡಿ ವಾದ್ಯವನ್ನು ಕಟ್ಟಿದ ಸಮುದಾಯಗಳು ಆ ಕೆಲಸದ ಕಾರಣಕ್ಕೇ ಅವಮಾನವನ್ನು ಉಂಡಿವೆ. ಅದರಿಂದ ಬಿಡುಗಡೆ ಬಯಸಿ ಹೊಸ ತಲೆಮಾರು ಚರ್ಮದ ಕೆಲಸವನ್ನು ತೊರೆದಿದ್ದರೆ ಅದನ್ನು ಆಕ್ಷೇಪಿಸುವ ಅಧಿಕಾರ ಸಂಶೋಧಕರಿಗಿಲ್ಲ. ತಮಟೆಯ ಕಲಾವಿದರಾದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದದ್ದು ನುಡಿಸುವ ಕೈಗೆ ದೊರೆತ ಮನ್ನಣೆ. ಕಟ್ಟುವ ಕೈಗೂ ಅಂಥದೇ ಮನ್ನಣೆಯೂ ಕೂಲಿಯೂ ದೊರೆತರೆ ಮಾತ್ರ ಈ ವಿದ್ಯೆ ಉಳಿಯುತ್ತದೆ. ಲೇತ್ ಕೆಲಸಗಾರನ ಬೋಲ್ಟಿಗೆ ಬೆಲೆ ಕಟ್ಟಿ, ಮುಚ್ಚಿಗೆ ಹೊದಿಸಿದವನ ಹದಕ್ಕೆ ಬೆಲೆ ಕಟ್ಟದೆ ಹೋಗುವುದು ನ್ಯಾಯವಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಹಳೆಯ ವಾದ್ಯದ ಶ್ರುತಿದೋಷಕ್ಕೆ ಬಹುಮಟ್ಟಿಗೆ ಎಳೆತದ ಅಸಮತೆ ಕಾರಣ; ಅದಕ್ಕೆ ಬಾಯಂಚು, ಬಳೆ, ಬಿಗಿಸಾಧನ ಎಂಬ ಕ್ರಮದಲ್ಲಿ ಪರಿಹಾರ ಹುಡುಕಬೇಕು. ಬಳೆಯ ದಪ್ಪಕ್ಕಿಂತ ಎತ್ತರ ಮುಖ್ಯ. ಬಿಂದುಗಳ ಸಂಖ್ಯೆಗೂ ಬಳೆಯ ಬಿಗುಪಿಗೂ ಹೊಂದಾಣಿಕೆ ಇರಬೇಕು. ಹೊಸ ಹುರಿಯಿಂದ ಸಾಧ್ಯವಾಗುವುದನ್ನು ಬೋಲ್ಟಿನಿಂದ ಮಾಡಬೇಕಾಗಿಲ್ಲ. ಬೋಲ್ಟು ಅನಿವಾರ್ಯವಾದರೆ ಅದು ಬಳೆಯಿಂದ ಬಳೆಗೆ ಹಾಯಬೇಕು, ಮರವನ್ನು ತೂರಬಾರದು.

ನಾಲ್ಕು ತಾಲ್ಲೂಕುಗಳ ಗುಡಿ, ಚಾವಡಿ, ಮನೆಗಳಲ್ಲಿರುವ ಹಳೆಯ ಚರ್ಮವಾದ್ಯಗಳ ಅಳತೆ, ಮರ, ಚರ್ಮ, ಬಳೆ ಮತ್ತು ಕಟ್ಟಿನ ವಿವರಗಳನ್ನು ಒಂದೊಂದಾಗಿ ದಾಖಲಿಸುವ ಕೆಲಸ ಮುಂದೆ ಆಗಬೇಕಾದದ್ದು. ಬಾಯಿಯ ವ್ಯಾಸ, ಬಳೆಯ ಎತ್ತರ, ಎಳೆತದ ಬಿಂದುಗಳ ಸಂಖ್ಯೆ, ದನಿಯ ಧ್ವನಿಮುದ್ರಣ ಇಷ್ಟನ್ನಾದರೂ ದಾಖಲಿಸಿದರೆ ಮುಂದಿನ ಸಂಶೋಧಕರಿಗೆ ಆಧಾರ ದೊರೆಯುತ್ತದೆ. ಹಾಡಿಗೆ, ಕಥೆಗೆ ಕೊಟ್ಟ ಗಮನದ ಒಂದು ಪಾಲನ್ನು ವಾದ್ಯದ ಬಳೆಗೂ ಹುರಿಗೂ ಕೊಡುವ ಕಾಲ ಬಂದಿದೆ.